ಬೆಟ್ಟದಪ್ಪನಿಗೆ ಬಿಟ್ಟ ಮುಡಿ

ಉಪ್ಪಾರಹಳ್ಳಿ

ಅಕ್ಕ ನನ್ನ ಹೆಸರಲ್ಲಿ ದೇವರಿಗೆ ಬಿಟ್ಟಿದ್ದ ಮುಡಿಯನ್ನು ನಾನು ಕಾಪಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವಿಮಾನ, ಬೆಟ್ಟ, ನೀರಿನ ಭಾರಕ್ಕೆ ಓಡುವ ಬಂಡಿ ಎಂದು ಖುಷಿಯಲ್ಲಿ ಹೇಳುತ್ತಾ ಹೋಗಿ ಇದೊಂದನ್ನು ಬಿಟ್ಟುಬಿಡುತ್ತೇನೆ. ಬೇಡದ್ದನ್ನು ಮರೆಯುವುದರಲ್ಲಿ ನಾನು ಗಟ್ಟಿಗ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದು ಶಾಮಿಯಾನದ ಅಂಗಡಿ. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ. ಓದು ಎಂಟನೇ ಕ್ಲಾಸಿಗೆ ನಿಂತಿತು. ಅವ್ವ ಬೇಗ ಹೋದಳು. ಆಮೇಲೆ ನನಗೆ ಮುದ್ದೆ ಕಟ್ಟಿ, ತಲೆ ಬಾಚಿ ಶಾಲೆಗೆ ಅಟ್ಟುತ್ತಿದ್ದವಳು ಅಕ್ಕ ರುದ್ರಮ್ಮ. ಭಾವ ತೀರಿಕೊಂಡ ಮೇಲೆ ಅವಳು ಬೆಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮನ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಡಾಕ್ಟರಮ್ಮನಿಗೆ ಪೋರ್ಚುಗಲ್ ದೇಶದ ಬ್ರಾಗಾ ಎಂಬ ಊರಿನಲ್ಲಿ ಕೆಲಸವಾಯಿತು. ಮಗು ಅಕ್ಕನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಉಣ್ಣುತ್ತಿರಲಿಲ್ಲ. ಹಾಗಾಗಿ ಚೇಳೂರಿನ ರುದ್ರಮ್ಮ ಪೋರ್ಚುಗಲ್‌ಗೆ ಹೋದಳು.

ಅವಳು ಅಲ್ಲಿದ್ದಾಗಲೇ ನಾನು ಕುಣಿಗಲ್‌ನಲ್ಲಿ ಒಂದು ಚಪ್ಪರ ಕಟ್ಟುವಾಗ ಏಣಿಯಿಂದ ಬಿದ್ದೆ. ತಲೆಗೆ ಪೆಟ್ಟು. ಆಸ್ಪತ್ರೆಯವರು ಏನೂ ಹೇಳಲಾಗದು ಅಂದರಂತೆ. ನನ್ನ ಹೆಂಡತಿ ಮಂಜುಳಾ ಅಳುತ್ತಾ ಅಕ್ಕನಿಗೆ ಫೋನ್ ಮಾಡಿದಾಗ ಅಕ್ಕ ಮಗುವಿನ ಜೊತೆ ಆ ಊರಿನ ಹೊರಗಿನ ಬೆಟ್ಟದ ಮೇಲಿದ್ದಳು. ಬೆಟ್ಟದ ಹೆಸರು ಬೊಂ ಜೆಜುಸ್. ಒಳ್ಳೆಯ ಯೇಸು ಎಂದು ಅರ್ಥವಂತೆ. ಮೇಲೆ ಹಳೆಯ ದೊಡ್ಡ ಚರ್ಚು. ಮನೆದೇವರು ಸಾವಿರಾರು ಮೈಲಿ ದೂರ, ಕಣ್ಣೆದುರಿಗೆ ಇದ್ದ ದೇವರು ಇದು. ನಮ್ಮಕ್ಕನಿಗೆ ಗೊತ್ತಿದ್ದ ಹರಕೆ ಒಂದೇ. "ನನ್ ತಮ್ಮ ಎದ್ದು ಕೂತ್ರೆ ಅವನ ಮುಡಿ ನಿಂಗೇ ಕೊಡಿಸ್ತೀನಿ, ಬೆಟ್ಟದಪ್ಪ" ಅಂದಳಂತೆ.

ನಾನು ಎದ್ದು ಕೂತೆ.

ಮುಡಿ ಬಿಟ್ಟವನ ತಲೆಗೆ ಹರಕೆ ತೀರುವ ತನಕ ಕತ್ತರಿ ತಾಗುವಂತಿಲ್ಲ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನೂ ಬೆಳೆಯಲು ಬಿಟ್ಟೆ. ಕೂದಲು ಕಿವಿ ಮುಚ್ಚಿತು, ಕತ್ತು ಮುಚ್ಚಿತು, ಹೆಗಲಿಗೆ ಬಂತು. ಅಷ್ಟರಲ್ಲಿ ಕುಣಿಗಲ್‌ನಲ್ಲಿ ನನ್ನ ಬಾಮೈದನ ಮದುವೆ ಬಂತು. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಮಂಜುಳಾಳ ಕಡೆಯವನೊಬ್ಬ, "ಏನ್ ಬಾವ, ಗುಬ್ಬೀಲಿ ನಾಟಕಕ್ಕೆ ಸೇರ್ಕಂಡ್ರಾ? ಯಾವ ಪಾರ್ಟು, ರಾಕ್ಷಸಂದಾ?" ಅಂದ. ಎದುರು ಸಾಲಿನಿಂದ ಇನ್ನೊಬ್ಬ, "ಥೂ ಬುಡ್ಲಾ, ಹೆಣ್ಣು ಪಾರ್ಟು ಕಣೋ. ಜಡೆ ಹೆಣೆದ್ರೆ ಆಯ್ತು" ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನು ಪಾಯಸದ ಬಕೀಟು ಕೆಳಗಿಟ್ಟು ನಕ್ಕ.

ಮಾರನೇ ದಿನ ನಮ್ಮ ಬೀದಿಯ ಸಲೂನಿಗೆ ಹೋಗಿ ತೆಗೆಸಿಬಿಟ್ಟೆ.

ಆಮೇಲೆ ಅಕ್ಕ ವಿಡಿಯೋ ಕಾಲ್ ಮಾಡಿದಾಗಲೆಲ್ಲ ತಲೆಗೆ ಟವಲ್ ಸುತ್ತಿಕೊಂಡೇ ಫೋನ್ ಎತ್ತುತ್ತಿದ್ದೆ.

"ಯಾಕ್ಲಾ ಟವಲ್ಲು?"

"ಈಗಷ್ಟೇ ನೀರು ಹುಯ್ಕಂಡೆ ಅಕ್ಕ."

"ಯಾವಾಗ ಫೋನ್ ಮಾಡಿದ್ರೂ ನೀರೇ ಹುಯ್ಕಂಡಿರ್ತೀಯ. ಅಷ್ಟೊಂದು ನೀರು ಎಲ್ಲಿಂದ ಬತ್ತದೆ ತುಮಕೂರಿಗೆ?"

ಒಂದು ವರ್ಷ ಹೀಗೇ ದೂಡಿದೆ. ಕೂದಲು ಮತ್ತೆ ಕಿವಿ ದಾಟಿತು. ಅಕ್ಕ ಟಿಕೆಟ್ ಕಳಿಸಿ, "ಇನ್ನು ನೆಪ ಹೇಳಿದ್ರೆ ನಾನೇ ಬಂದು ಎಳ್ಕಂಡು ಹೋಗ್ತೀನಿ" ಅಂದಳು. ಹೊರಟೆ.

ಬೆಂಗಳೂರು ವಿಮಾನ ನಿಲ್ದಾಣ

ವಿಮಾನಕ್ಕೆ ಹೆದರಿದ್ದೆ. ಆದರೆ ತೊಂದರೆ ಬಂದದ್ದು ಕೊಬ್ಬರಿಯಿಂದ.

ಅಕ್ಕನಿಗೆ ಎಂದು ಹುರುಳಿಕಾಳು, ರಾಗಿಹಿಟ್ಟು, ಜೊತೆಗೆ ನಮ್ಮ ದೊಡ್ಡಪ್ಪನ ತೋಟದ ಕೊಬ್ಬರಿ ಗಿಟುಕುಗಳನ್ನು ಬ್ಯಾಗಿನಲ್ಲಿ ತುಂಬಿದ್ದೆ. ಬ್ಯಾಗು ಮೆಷಿನ್ನಿನೊಳಗೆ ಹೋಯಿತು. ಪರದೆಯಲ್ಲಿ ದುಂಡಗೆ ಕರಿಯ ಉಂಡೆಗಳು ಸಾಲಾಗಿ ಕಂಡವು. ಯೂನಿಫಾರಂ ಹಾಕಿದ್ದ ಹುಡುಗಿ ಎದ್ದು ನಿಂತಳು.

"ಸರ್, ಕೊಬ್ಬರಿ ಬಿಡಲ್ಲ. ಬೆಂಕಿ ಹತ್ತೋ ವಸ್ತು."

"ಕೊಬ್ಬರೀನಾ?"

"ಹೌದು ಸರ್. ಎಣ್ಣೆ ಇರತ್ತಲ್ಲ, ಅಪಾಯ."

"ಅಮ್ಮ, ನಮ್ ಕಡೆ ಅಟ್ಟದ ತುಂಬ ಇದನ್ನೇ ಹಾಕ್ಕಂಡು ಅದರ ಕೆಳಗೇ ಮಲಗ್ತೀವಿ. ಅಜ್ಜನ ಕಾಲದಿಂದ ಮಲಗ್ತಿದೀವಿ."

"ನೀವು ಮಲಗಿ ಸರ್. ವಿಮಾನದಲ್ಲಿ ಬೇಡ."

ಅವಳ ಮುಖದಲ್ಲಿ ನಗು ತಡೆದುಕೊಂಡಿದ್ದು ಕಾಣುತ್ತಿತ್ತು. ಕೇಳಿದರೆ ಅವಳೂ ತಿಪಟೂರು ಕಡೆಯವಳೇ. ಕಸದ ಡಬ್ಬಿಗೆ ಹಾಕಿ ಅಂದಳು. ಕೊಬ್ಬರಿಯನ್ನು ಕಸಕ್ಕೆ ಹಾಕುವುದು ಹೇಗೆ? ಕೈ ಬರಲಿಲ್ಲ. ಟ್ರಾಲಿಯ ಕಂಬಿಗೆ ಕುಟ್ಟಿ ಒಡೆದು ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದೆ. ಕೋಟು ಹಾಕಿದ್ದ ಒಬ್ಬರು ಬೇಡ ಬೇಡ ಎಂದು ತೆಗೆದುಕೊಂಡು, ಆಮೇಲೆ ಬಂದು ಇನ್ನೊಂದು ಚೂರು ಕೇಳಿದರು. ಒಬ್ಬ ಅಜ್ಜಿ ತನ್ನ ಚೀಲದಿಂದ ಬೆಲ್ಲ ತೆಗೆದಳು. ಆ ಸಾಲು ಸ್ವಲ್ಪ ಹೊತ್ತು ನಮ್ಮೂರ ಮದುವೆಮನೆಯ ಜಗುಲಿಯ ಹಾಗೇ ಆಯಿತು. ಉಳಿದದ್ದನ್ನು ನನ್ನನ್ನು ಬಿಡಲು ಬಂದಿದ್ದ ಟ್ಯಾಕ್ಸಿಯವನಿಗೆ ಕೊಡೋಣ ಎಂದರೆ ಹೊರಗೆ ಹೋಗಲು ಬಿಡಲಿಲ್ಲ. ಆ ಹುಡುಗಿಯೇ ಇಟ್ಟುಕೊಂಡಳು. ಅಪಾಯದ ವಸ್ತುವನ್ನು ಎಷ್ಟು ಜೋಪಾನವಾಗಿ ಮೇಜಿನ ಕೆಳಗೆ ಇಟ್ಟಳು ಅಂತೀರಿ!

ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೇಲಿಂದ ಮೋಡ ನೋಡಿದರೆ, ಮದುವೆ ಮುಗಿದ ಮೇಲೆ ಬಿಚ್ಚಿ ರಾಶಿ ಹಾಕಿದ ಬಿಳಿ ಶಾಮಿಯಾನದ ಬಟ್ಟೆಯ ಹಾಗೆ ಇತ್ತು. ಇದನ್ನೆಲ್ಲ ಮಡಚಬೇಕಾದರೆ ಎಷ್ಟು ಆಳು ಬೇಕು ಎಂದು ಯೋಚಿಸುತ್ತಲೇ ನಿದ್ದೆ ಹೋದೆ.

ಬ್ರಾಗಾ ಬಸ್ ನಿಲ್ದಾಣ

ಪೋರ್ಟೊ ಎಂಬ ಊರಿನಲ್ಲಿ ಇಳಿದು ಅಲ್ಲಿಂದ ಬಸ್ಸು ಹಿಡಿದು ಬ್ರಾಗಾ ಸೇರಿದೆ. ಅಕ್ಕ ಕಾಯುತ್ತಾ ನಿಂತಿದ್ದಳು. ಪ್ಯಾಂಟು, ಮೊಣಕಾಲಿನ ತನಕ ಕೋಟು, ಹಣೆಯ ಮೇಲೆ ಎದ್ದು ಕಾಣುವ ಮೂರು ಗೆರೆ ವಿಭೂತಿ. ಸುತ್ತ ಹೋಗುವವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಕ್ಕ ಆ ಊರಿಗೆ ಅಷ್ಟು ಹಳಬಳಾಗಿದ್ದಳು.

ಕಾಲು ಮುಟ್ಟಲು ಬಗ್ಗಿದೆ. ಅಕ್ಕ ಎರಡೂ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ಆಶೀರ್ವಾದ ಅಂದುಕೊಂಡೆ. ಅವಳು ಕೂದಲು ಹಿಡಿದು ನೋಡುತ್ತಿದ್ದಳು.

"ಏನ್ಲಾ ಪರಮೇಶಿ, ಇಷ್ಟೇಯಾ?"

"ಉದುರೋಯ್ತು ಅಕ್ಕ. ಬೋರ್‌ವೆಲ್ ನೀರು."

"ಹೂಂ" ಅಂದಳು. ನನ್ನ ಬ್ಯಾಗು ಎತ್ತಿಕೊಂಡು ಮುಂದೆ ನಡೆದಳು.

ಮಗು ಈಗ ತಾನೇ ಉಣ್ಣುವಷ್ಟು ದೊಡ್ಡದಾಗಿತ್ತು, ಡಾಕ್ಟರಮ್ಮನ ಮನೆಯವರು ಅದನ್ನು ಕರೆದುಕೊಂಡು ರಜಕ್ಕೆ ಸಮುದ್ರದ ಕಡೆ ಹೋಗಿದ್ದರು. ಇಡೀ ವಾರ ಅಕ್ಕ ನನ್ನವಳೇ. ಮೊದಲು ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಆ ದೇಶದಲ್ಲಿ ಹೆಜ್ಜೆಗೊಂದು ಕಾಫಿ ಅಂಗಡಿ. ಜನ ಬರುತ್ತಾರೆ, ನಿಂತೇ ಕುಡಿಯುತ್ತಾರೆ, ಅಂಗಡಿಯವನ ಜೊತೆ ಏನೋ ಜಗಳದ ಹಾಗೆ ಮಾತಾಡುತ್ತಾರೆ, ನಗುತ್ತಾ ಹೋಗುತ್ತಾರೆ. ನನಗೆ ಕೊಟ್ಟ ಕಪ್ಪಿನಲ್ಲಿ ಹೆಬ್ಬೆರಳು ಅದ್ದಿದರೆ ಉಗುರು ಮುಳುಗುವಷ್ಟು ಕಾಫಿ. ರುಚಿ ನೋಡಲು ಕೊಟ್ಟಿದ್ದಾರೆ, ಆಮೇಲೆ ಲೋಟ ತರುತ್ತಾರೆ ಎಂದು ಕಾದೆ. ಲೋಟ ಬರಲಿಲ್ಲ. ಅಕ್ಕ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಕುಡಿದೆ. ಎದೆಯ ತನಕ ಕಹಿ, ಆಮೇಲೆ ಘಮ. ನಮ್ಮ ಡಿಕಾಕ್ಷನ್ನಿನ ದಾಯಾದಿ.

ಅಕ್ಕನ ಮುಂದೆ ಮಾತ್ರ ನಿಂಬೆಸಿಪ್ಪೆ ಹಾಕಿದ ಬಿಸಿನೀರು ಇತ್ತು.

ಅಕ್ಕ ಎಂಥ ಕಾಫಿ ಪ್ರಾಣಿ ಎಂದು ನಿಮಗೆ ಗೊತ್ತಿಲ್ಲ. ಊರಲ್ಲಿ ಕಾಫಿ ಇಳಿಯದೆ ಅವಳ ಕಸಬರಿಕೆ ಏಳುತ್ತಿರಲಿಲ್ಲ. ಹೊಲಕ್ಕೆ ಹೋಗುವಾಗಲೂ ಒಂದು ಬಾಟ್ಲಿ.

"ಯಾಕಕ್ಕ, ನಿಂಗೆ ಕಾಫಿ ಬ್ಯಾಡ್ವಾ?"

"ನಿನ್ ಮುಡಿ ಕೊಟ್ಟ ಮೇಲೆ" ಅಂದಳು. "ಬರೀ ನಿನ್ ಕೂದಲು ಕೊಡ್ತೀನಿ ಅಂದ್ರೆ ನನ್ದೇನು ಹೋದಂಗಾಯ್ತು? ನನ್ದೂ ಏನಾರ ಇರ್ಲಿ ಅಂತ, ಹರಕೆ ತೀರೋವರ್ಗೂ ಕಾಫಿ ಮುಟ್ಟಲ್ಲ ಅಂತ ಬಿಟ್ಟೆ. ಅವತ್ತೇ. ಆ ಬೆಟ್ಟದ ಮೇಲೇ."

"ಯಾವತ್ತೂ ಹೇಳ್ಲಿಲ್ಲ ನೀನು!"

"ಹೇಳಿದ್ರೆ ನೀನು ಮದುವೆ ಸೀಜನ್ ಬಿಟ್ಟು ಓಡಿ ಬರ್ತಿದ್ದೆ. ಬುಡು, ಇನ್ನೇನು ಭಾನುವಾರ ಬಂತಲ್ಲ." ಅಂಗಡಿಯವನ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಅಂದಳು. ಅವನು ಎರಡೂ ಕೈ ಮೇಲೆತ್ತಿ ಕುಣಿದ ಹಾಗೆ ಮಾಡಿದ. "ಭಾನುವಾರ ನಂಗೂ ಒಂದು ಕಾಫಿ ಅಂತ ಹೇಳ್ದೆ. ಇಷ್ಟು ವರ್ಷದಿಂದ ಬಿಸಿನೀರು ಕೊಟ್ಟೂ ಕೊಟ್ಟೂ ಬೇಜಾರಾಗಿದ್ದಾನೆ ಪಾಪ."

ನನ್ನ ಕಪ್ಪಿನ ತಳದಲ್ಲಿ ಉಳಿದಿದ್ದ ಒಂದು ಗುಟುಕು ಕುಡಿಯಲಾಗಲಿಲ್ಲ.

ಮೇಣದ ಅಂಗಡಿ

ಊರೊಳಗೆ ಕಲ್ಲು ಹಾಸಿದ ಬೀದಿಗಳು. ಮನೆಗಳ ಗೋಡೆಗೆ ಬಣ್ಣಬಣ್ಣದ ಬಿಲ್ಲೆ ಅಂಟಿಸಿದ್ದಾರೆ. ನಾವು ಬಚ್ಚಲುಮನೆಗೆ ಒಳಗೆ ಹಾಕಿಸುವುದನ್ನು ಅವರು ಬೀದಿಗೆ ಕಾಣುವ ಹಾಗೆ ಹಾಕಿಸಿದ್ದಾರೆ, ಚೆಂದ ಕಾಣುತ್ತದೆ. ಸಂಜೆಯಾದರೆ ಬಾಲ್ಕನಿಯಿಂದ ಬಾಲ್ಕನಿಗೆ ಹೆಂಗಸರು ಕೂಗಿ ಮಾತಾಡುತ್ತಾರೆ. ಒಗೆದ ಬಟ್ಟೆಯನ್ನು ಬೀದಿಯ ಮೇಲೇ ಹರವುತ್ತಾರೆ. ಯುರೋಪು ಎಂದರೆ ಪಿಸುಮಾತಿನ ದೇಶ ಅಂದುಕೊಂಡಿದ್ದ ನನಗೆ ಇದನ್ನು ನೋಡಿ ಧೈರ್ಯ ಬಂತು.

ಅಕ್ಕ ಒಂದು ಚಿಕ್ಕ ಅಂಗಡಿಗೆ ಕರೆದುಕೊಂಡು ಹೋದಳು. ಮೇಣದಬತ್ತಿ ಅಂಗಡಿ. ಒಳಗೆ ಕಾಲಿಟ್ಟವನು ಹಿಂದಕ್ಕೆ ಹಾರಿದೆ. ಗೋಡೆಗೆ ಕೈಗಳು, ಕಾಲುಗಳು, ಮೊಲೆಗಳು ನೇತಾಡುತ್ತಿದ್ದವು. ಬೀರುವಿನಲ್ಲಿ ಸಾಲಾಗಿ ತಲೆಗಳು. ಎಲ್ಲವೂ ಹಳದಿ ಮೇಣದವು.

"ಹೆದರ್ಕಬೇಡ್ವೋ. ಕಾಲು ವಾಸಿಯಾದವರು ಕಾಲು ಕೊಡ್ತಾರೆ, ಕೈಯಿ ವಾಸಿಯಾದವರು ಕೈಯಿ. ನಮ್ ಕಡೆ ಬೆಳ್ಳಿ ಕಣ್ಣು, ಬೆಳ್ಳಿ ಪಾದ ಹಾಕಲ್ವಾ ಹುಂಡಿಗೆ? ಹಂಗೇ."

ಅಂಗಡಿಯ ಯಜಮಾನಿ ದೋನಾ ಅಮೆಲಿಯಾ. ದೋನಾ ಅಂದರೆ ನಮ್ಮ 'ಅಮ್ಮೋರು' ಇದ್ದ ಹಾಗೆ. ತುಂಬ ವಯಸ್ಸಾದವರು, ಮೈತುಂಬ ಕಪ್ಪು ಬಟ್ಟೆ, ಕಿವಿಯಲ್ಲಿ ಚಿನ್ನದ ಓಲೆ. ಅಕ್ಕನ ಗೆಳತಿ. ಅಕ್ಕ ಅವರಿಗೆ ನನ್ನ ತಲೆ ತೋರಿಸಿ ಕಥೆ ಹೇಳಿದಳು. ಅವರು ನನ್ನ ಹತ್ತಿರ ಬಂದು, ಕೂದಲು ಸರಿಸಿ, ಹಳೆಯ ಗಾಯದ ಗುರುತನ್ನು ಬೆರಳಲ್ಲಿ ಸವರಿದರು. ಆಮೇಲೆ ಬೀರುವಿನಿಂದ ಒಂದು ಗಂಡಸಿನ ತಲೆ ತೆಗೆದು ನನ್ನ ಮುಖದ ಪಕ್ಕ ಹಿಡಿದು ನೋಡಿದರು. ತಲೆಯಾಡಿಸಿ ಅದನ್ನು ಇಟ್ಟು ಬೇರೆಯದು ತೆಗೆದರು. ಅಳತೆ ನೋಡಿ ಚಪ್ಪಲಿ ಕೊಡುವವರ ಹಾಗೆ.

"ನಿನ್ ಮೂಗು ಇನ್ನೂ ಅಗಲ ಅಂತಾರೆ" ಎಂದು ಅಕ್ಕ ಹೇಳಿದಳು.

ಮುಡಿಯ ವಿಷಯ ಕೇಳಿ ದೋನಾ ಅಮೆಲಿಯಾ ಆಶ್ಚರ್ಯಪಡುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ಮಾತಾಡಿದರು. ಅಕ್ಕ ಬಿಡಿಸಿ ಹೇಳಿದಳು. ಇವರು ಹುಡುಗಿಯಾಗಿದ್ದಾಗ ಇವರ ಅಣ್ಣನನ್ನು ಆಫ್ರಿಕಾದ ಯುದ್ಧಕ್ಕೆ ಕಳಿಸಿದ್ದರಂತೆ. ಅವನು ಮರಳಿ ಬಂದರೆ ತನ್ನ ಜಡೆ ಕೊಡುತ್ತೇನೆ ಎಂದು ಇವರು ಹರಕೆ ಹೊತ್ತರಂತೆ. ಅಣ್ಣ ಬಂದ. ಜಡೆ ಕತ್ತರಿಸಿ ರಿಬ್ಬನ್ನು ಕಟ್ಟಿ ದೇವರ ಮುಂದೆ ಇಟ್ಟು ಬಂದರಂತೆ.

"ಅವರಣ್ಣ ಏನಂದ್ನಂತೆ?" ಎಂದೆ.

ಅಕ್ಕ ಕೇಳಿದಳು. ದೋನಾ ಅಮೆಲಿಯಾ ಗಟ್ಟಿಯಾಗಿ ನಕ್ಕರು. "ಕೋಳಿ ಪುಕ್ಕ ಕಿತ್ತಂಗೆ ಇದೀಯ ಅಂದ್ನಂತೆ."

ನಾವೂ ನಕ್ಕೆವು. ಲೋಕದ ಅಣ್ಣತಮ್ಮಂದಿರೆಲ್ಲ ನನ್ನ ಹಾಗೇ ಇರಬೇಕು ಎಂದು ಒಂದು ಕ್ಷಣ ಸಮಾಧಾನವಾಯಿತು. ಆದರೆ ಅವರ ಜಡೆ ದೇವರಿಗೆ ಸೇರಿತ್ತು. ನನ್ನದು ಉಪ್ಪಾರಹಳ್ಳಿಯ ಮೋರಿಗೆ.

ಮುಡಿಯ ಜೊತೆ ಒಪ್ಪಿಸಲು ಮೇಣದ ತಲೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಮನೆಗೆ ಬಂದೆ.

ಬೆಟ್ಟ

ಭಾನುವಾರ ಬಿಸಿಲು ಚೆನ್ನಾಗಿತ್ತು. ದೋನಾ ಅಮೆಲಿಯಾ ಕೂಡ ಹೊರಟರು. ಅವರಿಗೆ ಮಂಡಿ ನೋವು, ಮೆಟ್ಟಿಲು ಆಗದು. ಬಂಡಿಯಲ್ಲಿ ಬರುತ್ತೇನೆ, ಮೇಲೆ ಸಿಗೋಣ ಅಂದರು.

ಆ ಬಂಡಿಯನ್ನು ನೋಡಲೆಂದೇ ನಾನು ಸ್ವಲ್ಪ ಹೊತ್ತು ನಿಂತೆ. ಹಳಿಯ ಮೇಲೆ ಎರಡು ಬಂಡಿ, ನಡುವೆ ಹಗ್ಗ. ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬುತ್ತಾರೆ. ಅದು ಭಾರಕ್ಕೆ ಕೆಳಗಿಳಿಯುತ್ತದೆ, ಕೆಳಗಿನದನ್ನು ಮೇಲಕ್ಕೆ ಎಳೆಯುತ್ತದೆ. ಕೆಳಗೆ ಬಂದ ಮೇಲೆ ನೀರು ಬಿಟ್ಟುಬಿಡುತ್ತಾರೆ. ಕರೆಂಟಿಲ್ಲ, ಡೀಸೆಲ್ ಇಲ್ಲ. ರಾಟೆಗೆ ಎರಡು ಕಡೆ ಬಿಂದಿಗೆ ಕಟ್ಟಿದ ನಮ್ಮ ಸೇದುವ ಬಾವಿಯೇ ಮಲಗಿದ ಹಾಗೆ. ಹಗ್ಗ ಕಟ್ಟಿ ಬದುಕುವವನು ನಾನು. ನನಗೆ ಆ ಚರ್ಚಿಗಿಂತ ಮೊದಲು ಇದಕ್ಕೇ ಕೈ ಮುಗಿಯಬೇಕು ಅನ್ನಿಸಿತು.

"ಬಾರ್ಲಾ, ಹರಕೆ ಹೊತ್ತೋರು ಬಂಡಿ ಹತ್ತಂಗಿಲ್ಲ" ಎಂದು ಅಕ್ಕ ತೋಳು ಹಿಡಿದು ಎಳೆದಳು.

ಮೆಟ್ಟಿಲು ಮರಗಳ ನೆರಳಲ್ಲಿ ಶುರುವಾಗುತ್ತದೆ. ನಡುನಡುವೆ ಚಿಕ್ಕ ಗುಡಿಗಳು. ಕಂಬಿಯೊಳಗೆ ಇಣುಕಿದರೆ ಆಳೆತ್ತರದ ಗೊಂಬೆಗಳು, ಯೇಸುವನ್ನು ಹಿಡಿದದ್ದು, ಹೊಡೆದದ್ದು, ಶಿಲುಬೆ ಹೊರಿಸಿದ್ದು. ಹೊಡೆಯುವವರ ಮುಖ ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಒಬ್ಬನು ಥೇಟ್ ನನಗೆ ಕುರ್ಚಿ ಬಾಡಿಗೆ ಕೊಡದೆ ಆಟ ಆಡಿಸುವ ಗಿರಾಕಿಯ ಹಾಗಿದ್ದ.

ಮರ ದಾಟಿದ ಮೇಲೆ ಬಿಳಿಗೋಡೆ, ಬೂದು ಕಲ್ಲಿನ ಮೆಟ್ಟಿಲು ಎಡಕ್ಕೂ ಬಲಕ್ಕೂ ತಿರುಗುತ್ತಾ ಮೇಲೇರುತ್ತವೆ. ತಿರುವಿಗೊಂದು ಕಾರಂಜಿ. ಮೊದಲನೆಯ ಕಲ್ಲಿನ ಮುಖಕ್ಕೆ ಕಣ್ಣಿನಿಂದ ನೀರು. ಮುಂದಿನದಕ್ಕೆ ಕಿವಿಯಿಂದ. ಅದರ ಮುಂದಿನದಕ್ಕೆ ಮೂಗಿನಿಂದ.

"ನೆಗಡಿಯಾಗದೆ" ಎಂದೆ.

"ಸುಮ್ನಿರ್ಲಾ. ಪಂಚೇಂದ್ರಿಯ ಅವು. ಕಣ್ಣು, ಕಿವಿ, ಮೂಗು, ಬಾಯಿ, ಮುಟ್ಟೋದು. ಎಲ್ಲಾನೂ ತೊಳ್ಕಂಡು ಮೇಲೆ ಬಾ ಅಂತ." ಅಕ್ಕ ಬಾಯಿಯ ಕಾರಂಜಿಯ ಹತ್ತಿರ ನಿಂತು ಒಂದು ಬೊಗಸೆ ನೀರು ಹಿಡಿದು ಮುಖಕ್ಕೆ ಎರಚಿಕೊಂಡಳು. "ಮೊದಲು ಇದ್ನ ತೊಳೀಬೇಕು. ಸುಳ್ಳು ಹುಟ್ಟೋ ಜಾಗ" ಅಂದಳು.

ನನಗೆ ಅಂದಳೋ ತನ್ನಷ್ಟಕ್ಕೆ ಅಂದಳೋ ತಿಳಿಯಲಿಲ್ಲ. ನಾನು ಮುಖ ತೊಳೆಯದೆ ಮೆಟ್ಟಿಲು ಹತ್ತಿದೆ.

ನಮ್ಮ ತುಮಕೂರಿನ ದೇವರಾಯನದುರ್ಗದ ಬೆಟ್ಟದಲ್ಲಾದರೆ ಇಷ್ಟು ಹೊತ್ತಿಗೆ ಕೋತಿಗಳು ಬಾಳೆಹಣ್ಣು ಕಿತ್ತುಕೊಂಡಿರುತ್ತಿದ್ದವು. ಇಲ್ಲಿ ಕೋತಿಯಿಲ್ಲ, ಕಡ್ಲೆಪುರಿ ಮಾರುವವರಿಲ್ಲ. ಆದರೂ ಅಕ್ಕ ಕೈಚೀಲವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡೇ ನಡೆಯುತ್ತಿದ್ದಳು. ಯಾಕೆ ಎಂದರೆ, "ಬೆಟ್ಟ ಅಂದ್ರೆ ಕೈ ತಾನಾಗೇ ಹಂಗೆ ಹೋಗ್ತದೆ ಕಣೋ" ಅಂದು ತಾನೇ ನಕ್ಕಳು. ಮೇಲೆ ಹುಲ್ಲಿನ ಮೇಲೆ ಮನೆಮಂದಿಯೆಲ್ಲ ಮೇಜಿನ ಬಟ್ಟೆ ಹಾಸಿ, ಪಾತ್ರೆ ಪಾತ್ರೆ ಅನ್ನ, ಮೀನು, ಕೋಳಿ ಇಟ್ಟುಕೊಂಡು ಊಟಕ್ಕೆ ಕೂತಿದ್ದರು. ಒಂದು ಸಂಸಾರದವರು ಕಾಗದದಿಂದ ಮೂಗು ಇಣುಕುತ್ತಿದ್ದ ಮೇಣದ ತಲೆ ಹಿಡಿದ ನನ್ನನ್ನು ನೋಡಿ ಕೈಬೀಸಿ ಕರೆದು ಒಂದು ತುಂಡು ಕೇಕು ಕೊಟ್ಟರು. ಹರಕೆಯವರಿಗೆ ತಿನ್ನಿಸುವುದು ಅಲ್ಲೂ ಪುಣ್ಯವಿರಬೇಕು.

ಚರ್ಚಿನ ಬಾಗಿಲಲ್ಲಿ ಅಭ್ಯಾಸದಂತೆ ಶೂ ಬಿಟ್ಟೆ. ಅಲ್ಲಿ ಯಾರೂ ಬಿಡುವುದಿಲ್ಲ. ದೋನಾ ಅಮೆಲಿಯಾ ಆಗಲೇ ಒಳಗಿದ್ದರು, ನನ್ನ ಕಾಲುಚೀಲ ನೋಡಿ ಅವರ ಹುಬ್ಬು ಹಣೆಗೇರಿತು. ಅದರಲ್ಲಿ ಒಂದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

ಈಗ ನನ್ನ ಗುಟ್ಟಿನ ಕೆಲಸ. ಹರಕೆಯಲ್ಲಿ ಲೋಪವಾದರೆ ನಮ್ಮಲ್ಲಿ ತಪ್ಪು ಕಾಣಿಕೆ ಹಾಕುತ್ತೇವೆ. ಮಂಜುಳಾಗೆ ಮಾತ್ರ ನನ್ನ ವಿಷಯ ಗೊತ್ತಿತ್ತು. ಅವಳು ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ, "ದೇವ್ರ ಹುಂಡಿಗೆ ಇದನ್ನ ಹಾಕ್ಬುಡಿ, ದೋಷ ಹೋಗ್ತದೆ" ಎಂದು ಕೊಟ್ಟಿದ್ದಳು. ಅಕ್ಕ ಕಣ್ಣು ಮುಚ್ಚಿ ಕೂತಾಗ ಮೆಲ್ಲಗೆ ಎದ್ದು ಹೋದೆ. ಅಲ್ಲಿನ ಕಾಣಿಕೆ ಪೆಟ್ಟಿಗೆಯ ಬಾಯಿ ಒಂದು ಕಾಸು ಅಡ್ಡಲಾಗಿ ಹೋಗುವಷ್ಟು ಸಣ್ಣದು. ಗಂಟು ಹೋಗಲಿಲ್ಲ. ತಳ್ಳಿದೆ, ತಿರುಗಿಸಿದೆ, ಆಗಲಿಲ್ಲ. ಕೊನೆಗೆ ಗಂಟು ಬಿಚ್ಚಿ ಒಂದೊಂದಾಗಿ ಹಾಕಬೇಕಾಯಿತು. ಪೆಟ್ಟಿಗೆ ಖಾಲಿ ಇತ್ತೋ ಏನೋ. ಟಣ್. ಆ ಚರ್ಚಿನ ಮೌನದಲ್ಲಿ ಗಂಟೆ ಬಾರಿಸಿದ ಹಾಗೆ. ಟಣ್. ಮುಂದಿನ ಬೆಂಚಿನವರು ತಿರುಗಿದರು. ಟಣ್. ಒಬ್ಬ ಮುದುಕ ಶಿಲುಬೆ ಗುರುತು ಹಾಕಿಕೊಂಡ. ಅರ್ಧಕ್ಕೆ ಬಿಡುವಂತಿಲ್ಲ, ಪೂರ್ತಿ ಹಾಕಿದೆ.

ವಾಪಸು ಬಂದು ಕೂತಾಗ ಅಕ್ಕ ಕಣ್ಣು ಮುಚ್ಚಿಕೊಂಡೇ, "ಏನ್ಲಾ ಅಷ್ಟೊಂದು?" ಅಂದಳು.

"ಭಕ್ತಿ" ಎಂದೆ.

ಹೊರಗೆ ಬಂದರೆ ಶೂ ಇಲ್ಲ. ಕಸ ಗುಡಿಸುವ ಹೆಂಗಸು, ಯಾರೋ ಬಡವರಿಗೆಂದು ಬಿಟ್ಟು ಹೋಗಿದ್ದಾರೆ ಅಂದುಕೊಂಡು ಎತ್ತಿಟ್ಟಿದ್ದಳಂತೆ. ದೋನಾ ಅಮೆಲಿಯಾ ಜಗಳ ಮಾಡಿ ಬಿಡಿಸಿಕೊಂಡು ಬಂದರು.

ಚರ್ಚಿನ ಹಿಂದಿನ ಬೆಂಚು

ಮುಡಿ ತೆಗೆಯುವ ಕಟ್ಟೆ ಎಲ್ಲಿ ಎಂದು ನಾನು ಹುಡುಕುತ್ತಿದ್ದೆ. ಅಂಥದ್ದೇನೂ ಅಲ್ಲಿಲ್ಲ. ಕ್ಷೌರಿಕರೂ ಇಲ್ಲ. ಅಕ್ಕ ಮೊದಲೇ ಎಲ್ಲ ಯೋಚಿಸಿದ್ದಳು. ಮರದ ಕೆಳಗಿನ ಒಂದು ಬೆಂಚು ಆರಿಸಿ, ನೆಲಕ್ಕೆ ಹಳೆಯ ದುಪ್ಪಟಿ ಹಾಸಿ, ಕೋಟಿನ ಜೇಬಿನಿಂದ ಕತ್ತರಿ ತೆಗೆದಳು. ದೋನಾ ಅಮೆಲಿಯಾ ಮೇಣದ ತಲೆಯ ಕಾಗದ ಬಿಚ್ಚಿ ನನ್ನ ಪಕ್ಕ ಬೆಂಚಿನ ಮೇಲೆ ಕೂರಿಸಿದರು. ನಮ್ಮಿಬ್ಬರಲ್ಲಿ ಬೋಳು ತಲೆಯ ಆ ಮೇಣದವನು ಈಗಾಗಲೇ ಮುಗಿಸಿಕೊಂಡು ಬಂದವನ ಹಾಗೆ ನಿರಾಳವಾಗಿದ್ದ.

ಅಕ್ಕ ಮೂರು ಸಲ ಬೆಟ್ಟದಪ್ಪನ ಹೆಸರು ಹೇಳಿ ಎಡಗಡೆಯಿಂದ ಶುರು ಮಾಡಿದಳು. ಕೂದಲು ಹೆಗಲ ಮೇಲಿಂದ ಜಾರಿ ದುಪ್ಪಟಿಗೆ ಬೀಳುತ್ತಿತ್ತು. ಅಕ್ಕ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ರಾಗಿ ಬೀಸುವಾಗ ಹಾಗೆ ಗುನುಗುತ್ತಿದ್ದಳು.

"ಇನ್ನೇನು ಆಯ್ತು" ಅಂದಳು. "ಕೆಳಗಿಳಿದ ತಕ್ಷಣ ಕಾಫಿ. ಉಗುರು ಅದ್ದೋ ಕಪ್ಪಲ್ಲಿ ಅಲ್ಲ, ಸೂಪು ಕೊಡೋ ಬಟ್ಟಲಲ್ಲಿ ಕೇಳ್ತೀನಿ. ಹಾಲು ಬ್ಯಾರೆ. ಅಯ್ಯೋ ಪರಮೇಶಿ, ನಾಲ್ಗೆಗೆ ನೆನಪಿರ್ತದೋ ಇಲ್ವೋ."

ಎಡಗಡೆಯ ಅರ್ಧ ತಲೆ ಮುಗಿದಿತ್ತು. ದೇವರಿಗೆ ಸಲ್ಲಬೇಕಾದ್ದು ಪೆಟ್ಟಿಗೆಗೆ ಬಿದ್ದಿದೆ, ಸುಮ್ಮನಿರು ಎಂದು ಮನಸ್ಸು ಹೇಳಿತು. ಆದರೆ ಅವಳು ಅಷ್ಟು ಖುಷಿಯಲ್ಲಿ ಕುಡಿಯಲಿರುವ ಆ ಬಟ್ಟಲು ನನ್ನ ಸುಳ್ಳಿನ ಮೇಲೆ ನಿಂತಿತ್ತು.

"ಅಕ್ಕ, ನಿಲ್ಸು."

"ಯಾಕ್ಲಾ, ತಾಗ್ತಾ?"

"ಇದು ಆ ಕೂದಲಲ್ಲ."

"ಯಾವ ಕೂದಲಲ್ಲ?"

"ನೀನು ಬಿಟ್ಟಿದ್ದು. ಅದನ್ನ ಬಾಮೈದನ ಮದುವೆ ಮಾರನೇ ದಿನ ಸಲೂನಲ್ಲಿ ತೆಗೆಸ್ಬುಟ್ಟೆ. ಇದು ಆಮೇಲೆ ಬಂದಿದ್ದು."

ಕತ್ತರಿ ನಿಂತಿತು. ದೋನಾ ಅಮೆಲಿಯಾ ಏನು ಏನು ಎಂದು ಕೇಳಿದರು. ಅಕ್ಕ ಎರಡು ಮಾತಿನಲ್ಲಿ ಹೇಳಿದಳು. ಅವರು ಶಿಲುಬೆ ಗುರುತು ಹಾಕಿಕೊಂಡು ಬೆಂಚಿನ ಆ ತುದಿಗೆ ಸರಿದು, ನಾಟಕ ನೋಡಲು ಬಂದವರ ಹಾಗೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು.

"ಎಲ್ಲಾರೂ ನಗ್ತಿದ್ರು ಅಕ್ಕ. ಹೆಣ್ಣು ಪಾರ್ಟು ಅಂದ್ರು."

"ನಗ್ಲಿ. ಆಮೇಲೆ?"

"ಕೆಲ್ಸಕ್ಕೂ ತೊಂದ್ರೆ. ಹಗ್ಗಕ್ಕೆ ಸಿಕ್ಕಾಕ್ಕಳ್ಳೋದು."

"ಗಂಟು ಹಾಕ್ಕಬೇಕಿತ್ತು. ಆಮೇಲೆ?"

"ಬೆಟ್ಟದಪ್ಪಂಗೆ ತಪ್ಪು ಕಾಣಿಕೆ ಹಾಕಿದೀನಿ. ಆಗ್ಲೇ."

ಅಕ್ಕ ಮುಂದೆ ಬಂದು ನನ್ನ ಮುಖ ನೋಡಿದಳು. "ಓ, ಆ ಟಣ್ ಟಣ್ ಅದಾ?" ಎಂದು ಜೋರಾಗಿ ನಕ್ಕಳು. ನಾನೂ ನಗಲು ಹೋದೆ. ಅವಳ ನಗು ಅಷ್ಟರಲ್ಲೇ ಮುಗಿದಿತ್ತು.

"ಬೆಟ್ಟದಪ್ಪ ದೊಡ್ಡೋನು ಕಣೋ. ನಿನ್ ಕೂದಲು ಯಾವ ವರ್ಷದ ಬೆಳೆ ಅಂತ ಅವನು ಕೇಳಲ್ಲ. ಅವನಿಗೆ ಕಾಣಿಕೆ ಹಾಕ್ದೆ, ಸರಿ. ದಿನಾ ಬೆಳಗೆದ್ದು ಈ ಊರಿನ ಕಾಫಿ ವಾಸನೆ ಮೂಗಲ್ಲಿ ಕುಡ್ಕಂಡು ಬಿಸಿನೀರು ನುಂಗಿದ್ದು ಅವನಾ? ಟವಲ್ ಸುತ್ಕಂಡ ತಲೆ ನೋಡ್ಕಂಡು, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಫೋನ್ ಇಟ್ಟಿದ್ದು ಅವನಾ?"

"ನಿಂಗೆ ಗೊತ್ತಿತ್ತಾ ಅಕ್ಕ?"

"ನಿನ್ ತಲೆ ಬಾಚಿ ಬೆಳೆಸಿದೋಳು ನಾನು. ಬೋರ್‌ವೆಲ್ ನೀರಿಗೆ ಉದುರಿದ ಕೂದಲು ಹಿಂಗೆ ಒಂದೇ ಸಮ ಇರ್ತದೇನೋ?" ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೇಣದ ತಲೆಯ ಆ ಕಡೆ ಕೂತಳು. "ನಂಗೆ ಹೇಳ್ಬೇಕಾದ್ದನ್ನ ನಂಗೆ ಹೇಳು. ಅಲ್ಲೀವರ್ಗೂ ಹಿಂಗೇ ಇರು."

ಹಾಗೇ ಇದ್ದೆ. ಎಡಗಡೆ ಬೋಳು, ಬಲಗಡೆ ಕಿವಿ ಮುಚ್ಚುವಷ್ಟು ಕೂದಲು. ದಾರಿಯಲ್ಲಿ ಹೋಗುವವರು ನಿಧಾನ ಮಾಡಿದರು. ಒಬ್ಬಳು ಹುಡುಗಿ ಫೋನ್ ಎತ್ತಿ ಫೋಟೋ ಹೊಡೆದಳು. ದೋನಾ ಅಮೆಲಿಯಾ ಅವಳನ್ನು ಗದರಿಸಿದರು. ಆಮೇಲೆ ತಾವೇ ನನ್ನ ಎರಡೂ ಕಡೆ ಬಗ್ಗಿ ನೋಡಿ ಬಾಯಿಗೆ ಸೆರಗಿನ ಹಾಗೆ ಕರವಸ್ತ್ರ ಅಡ್ಡ ಹಿಡಿದರು.

ಕುರ್ಚಿ ಕಡಿಮೆ ಬಿದ್ದರೆ ಗಿರಾಕಿಗೆ ನಾನು ಸಾರಿ ಅನ್ನುತ್ತೇನೆ, ದಿನಕ್ಕೆ ಹತ್ತು ಸಲ. ದೇವರ ಮುಂದೆ ಗಲ್ಲ ಬಡಿದುಕೊಳ್ಳುತ್ತೇನೆ. ಒಡಹುಟ್ಟಿದವರಿಗೆ ಮಾತ್ರ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟಕ್ಕೆ ಕರೆಯುತ್ತೇವೆ, ತೋಟದ ಕಾಯಿ ಕಳಿಸುತ್ತೇವೆ, ಅಲ್ಲಿಗೆ ಆಯಿತು ಅಂದುಕೊಳ್ಳುತ್ತೇವೆ. ಇಷ್ಟು ವಯಸ್ಸಿನಲ್ಲಿ ಆ ಮಾತನ್ನು ನಾನು ಅಕ್ಕನಿಗೆ ಒಮ್ಮೆಯೂ ಅಂದಿರಲಿಲ್ಲ. ನಾಲಿಗೆಯ ಮೇಲೆ ಎಲ್ಲಿ ಹುಡುಕಬೇಕೆಂದೇ ತಿಳಿಯಲಿಲ್ಲ.

ಅಕ್ಕ ಅವಸರ ಮಾಡಲಿಲ್ಲ. ಮರದ ಎಲೆಗಳ ಸಂದಿನಿಂದ ಬಿಸಿಲು ಅವಳ ವಿಭೂತಿಯ ಮೇಲೆ ಬಿದ್ದಿತ್ತು. ನಾನು ಮೇಣದ ತಲೆಯನ್ನು ಎತ್ತಿ ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದು ಕೂತೆ.

"ಅಕ್ಕ, ನಿಂಗೆ ಸುಳ್ಳು ಹೇಳ್ದೆ. ನನ್ ಜೀವಕ್ಕೆ ಅಂತ ನೀನು ಬಿಟ್ಟಿದ್ದನ್ನ ನಾಲ್ಕು ಜನ ನಕ್ರು ಅಂತ ತೆಗೆಸ್ಬುಟ್ಟೆ. ನೀನು ಕಾಯ್ತಾ ಇದ್ದೆ, ನಾನು ಟವಲ್ ಸುತ್ಕಂಡು ಕೂತಿದ್ದೆ. ತಪ್ಪಾಯ್ತು ಕಣಕ್ಕ. ಬೆಟ್ಟದಪ್ಪಂಗಲ್ಲ, ನಿಂಗೇ ಹೇಳ್ತಿರೋದು. ತಪ್ಪಾಯ್ತು."